ಶುಗರ್ ಟೆಸ್ಟ್: ಖಾಲಿ ಹೊಟ್ಟೆಯದೋ, ಮೂರು ತಿಂಗಳ ಸರಾಸರಿಯದೋ, ಮನೆಯ ಮೀಟರೋ?

ಶುಗರ್ ಇದೆಯೋ ಇಲ್ಲವೋ ಒಮ್ಮೆ ನೋಡಿಸಿಬಿಡೋಣ ಎಂದು ಮನಸ್ಸು ಮಾಡಿದವರೂ ಲ್ಯಾಬಿನ ಪಟ್ಟಿ ನೋಡಿ ತಬ್ಬಿಬ್ಬಾಗುತ್ತಾರೆ. ಖಾಲಿ ಹೊಟ್ಟೆಯದು, ಊಟದ ನಂತರದ್ದು, ಗ್ಲೂಕೋಸ್ ಕುಡಿಸಿ ಮಾಡುವುದು, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಮೂತ್ರದ್ದು. ಇವು ಸಾಲದೆಂಬಂತೆ ಬೆರಳು ಚುಚ್ಚಿ ನೋಡುವ ಮೀಟರು, ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರು. ಎಲ್ಲವನ್ನೂ ಮಾಡಿಸಿದರೆ ದುಡ್ಡು ದಂಡ. ಯಾವುದೋ ಒಂದನ್ನು ಮಾಡಿಸಿ ಸುಮ್ಮನಾಗುವುದೂ ಸರಿಯಲ್ಲ, ಏಕೆಂದರೆ ಇವೆಲ್ಲ ಅಳೆಯುವುದು ಒಂದೇ ಸಂಗತಿಯನ್ನಲ್ಲ. ಒಂದರಲ್ಲಿ ನಾರ್ಮಲ್ ಬಂದವರು ಇನ್ನೊಂದರಲ್ಲಿ ಸಿಕ್ಕಿಬೀಳುವುದುಂಟು.

ಆಯ್ಕೆಗೆ ಮೊದಲು, ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ ಎಂಬುದನ್ನು ಹೇಳಿಬಿಡುತ್ತೇನೆ. ಟೈಪ್ 2 ಮಧುಮೇಹ ನೋವು ಕೊಡುವುದಿಲ್ಲ, ಜ್ವರ ಬರಿಸುವುದಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ರಕ್ತದಲ್ಲಿರುತ್ತದೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2025ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ 20ರಿಂದ 79 ವರ್ಷದೊಳಗಿನ 58.9 ಕೋಟಿ ಜನರಿಗೆ ಮಧುಮೇಹವಿದೆ. ಅವರಲ್ಲಿ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಗೆ ಅದು ಗೊತ್ತೇ ಇಲ್ಲ. ಗೊತ್ತಿಲ್ಲದಿದ್ದರೂ ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡದ ಸೋಸುಗಗಳು, ಕಾಲಿನ ನರಗಳು ಸವೆಯುತ್ತಲೇ ಇರುತ್ತವೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆದ ಯುಕೆಪಿಡಿಎಸ್ ಅಧ್ಯಯನದಲ್ಲಿ, ಕಾಯಿಲೆ ಹೊಸದಾಗಿ ಪತ್ತೆಯಾದ ಹೊತ್ತಿಗೇ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಯಾವುದೋ ಒಂದು ಅಂಗಕ್ಕೆ ಹಾನಿಯ ಗುರುತು ಕಂಡಿತ್ತು. ಹೃದಯಾಘಾತದ ಅಪಾಯ ಮಧುಮೇಹಿಗಳಿಗೆ ಉಳಿದವರ ಸುಮಾರು ಎರಡು ಪಟ್ಟು. ನರಗಳು ಮಂದವಾಗಿದ್ದರೆ ಆ ಆಘಾತ ಎದೆನೋವೇ ಇಲ್ಲದೆ ಬಂದುಹೋಗಬಹುದು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಇಂಗ್ಲೆಂಡಿನ ಕೇಂಬ್ರಿಜ್ ಸುತ್ತಮುತ್ತ ಹೆಚ್ಚಿನ ಅಪಾಯವಿದ್ದ ಸಾವಿರಾರು ಜನರನ್ನು ತಪಾಸಣೆಗೆ ಕರೆದು, ಸುಮಾರು ಹತ್ತು ವರ್ಷ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಪಾಸಣೆಗೆ ಕರೆದಿದ್ದರಿಂದ ಸಾವಿನ ಸಂಖ್ಯೆ ಇಳಿಯಲಿಲ್ಲ. ಟೆಸ್ಟ್ ಮಾಡಿಸಿದ ಮಾತ್ರಕ್ಕೆ ಆಯುಸ್ಸು ಹೆಚ್ಚದು ಎಂದು ನಾನು ಇದನ್ನು ಓದುತ್ತೇನೆ. ಲಾಭ ಇರುವುದು ಬಂದ ಅಂಕಿಯನ್ನು ಹಿಡಿದು ಮುಂದೆ ಏನು ಮಾಡುತ್ತೀರಿ ಎಂಬುದರಲ್ಲಿ. ಅಮೆರಿಕದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಡಿಪಿಪಿ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷಿ. ದೇಹತೂಕದ ಶೇ. 7ರಷ್ಟನ್ನು ಇಳಿಸಿ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವ ಗುರಿ ಇಟ್ಟುಕೊಂಡವರ ಗುಂಪಿನಲ್ಲಿ ಮಧುಮೇಹಕ್ಕೆ ತಿರುಗುವ ಪ್ರಮಾಣ ಶೇ. 58ರಷ್ಟು ಇಳಿಯಿತು, ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 31ರಷ್ಟು. ಹೊಸ್ತಿಲಲ್ಲೇ ಹಿಡಿಯುವ ಟೆಸ್ಟಿಗೆ ಬೆಲೆ ಬರುವುದು ಹೀಗೆ.

ಯಾವುದನ್ನಿಟ್ಟುಕೊಂಡು ತೂಗುವುದು

ನಾನು ತೂಗುವುದು ನಾಲ್ಕು ಪ್ರಶ್ನೆಗಳಿಂದ. ಈ ಟೆಸ್ಟಿನ ಫಲಿತಾಂಶವನ್ನೇ ನಂಬಿ ವೈದ್ಯರು 'ನಿಮಗೆ ಮಧುಮೇಹವಿದೆ' ಎಂದು ಹೇಳಬಹುದೇ, ಅಥವಾ ಇದು ಬರೀ ಸುಳಿವೇ? ಎಂಥವರ ದೇಹದಲ್ಲಿ ಇದು ಸುಳ್ಳು ಹೇಳುತ್ತದೆ? ಎಷ್ಟು ಹೊತ್ತು, ಎಷ್ಟು ತಯಾರಿ? ಖರ್ಚು ಒಮ್ಮೆಯದೋ, ಮತ್ತೆ ಮತ್ತೆ ಬರುವಂಥದ್ದೋ? ಎರಡನೆಯದನ್ನೇ ಜನ ಕೇಳುವುದಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ. 'ಯಾವ ಟೆಸ್ಟ್ ಒಳ್ಳೆಯದು' ಎಂಬ ಪ್ರಶ್ನೆಗಿಂತ 'ನನ್ನ ಮಟ್ಟಿಗೆ ಯಾವುದು ದಾರಿ ತಪ್ಪಿಸಬಹುದು' ಎಂಬ ಪ್ರಶ್ನೆ ಬೇಗ ಉತ್ತರಕ್ಕೆ ಮುಟ್ಟಿಸುತ್ತದೆ.

ಕೆಳಗಿನ ಸಕ್ಕರೆ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು. ನಿಮ್ಮ ರಿಪೋರ್ಟಿನಲ್ಲಿ 5.6, 7.0ರಂಥ ಚಿಕ್ಕ ಅಂಕಿಗಳಿದ್ದರೆ ಅವು ಮಿಲಿಮೋಲ್ ಲೆಕ್ಕದವು, 18ರಿಂದ ಗುಣಿಸಿಕೊಳ್ಳಿ. ಎಚ್‌ಬಿಎ1ಸಿ ಮಾತ್ರ ಶೇಕಡಾ ಲೆಕ್ಕದ್ದು, ಅದನ್ನು ಗುಣಿಸಬೇಡಿ.

ಖಾಲಿ ಹೊಟ್ಟೆಯ ಟೆಸ್ಟ್

ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಬೇರೇನೂ ಮುಟ್ಟದೆ, ಬೆಳಿಗ್ಗೆ ತೋಳಿನ ರಕ್ತನಾಳದಿಂದ ರಕ್ತ ಕೊಡುವುದು. ರಾತ್ರಿಯಿಡೀ ಯಕೃತ್ತು ತಾನೇ ತಯಾರಿಸಿ ರಕ್ತಕ್ಕೆ ಬಿಡುವ ಸಕ್ಕರೆಯನ್ನು ಇನ್ಸುಲಿನ್ ಹದ್ದಿನಲ್ಲಿಟ್ಟಿದೆಯೇ ಎಂಬುದು ಇದರಲ್ಲಿ ತಿಳಿಯುತ್ತದೆ. 100ಕ್ಕಿಂತ ಕಡಿಮೆಯಿದ್ದರೆ ನಾರ್ಮಲ್, 100ರಿಂದ 125 ಹೊಸ್ತಿಲು, 126 ಅಥವಾ ಮೇಲಿದ್ದರೆ ಮಧುಮೇಹ. ವಿಶ್ವ ಆರೋಗ್ಯ ಸಂಸ್ಥೆ ಹೊಸ್ತಿಲನ್ನು 110ರಿಂದ ಎಣಿಸುತ್ತದೆ. ಹಾಗಾಗಿ 105 ಬಂದವರಿಗೆ ಒಬ್ಬ ವೈದ್ಯರು ಎಚ್ಚರಿಕೆ ಹೇಳಿ ಇನ್ನೊಬ್ಬರು ಹೇಳದಿದ್ದರೆ ಗಾಬರಿ ಬೇಡ. 1997ರವರೆಗೆ ಮಧುಮೇಹದ ಗೆರೆ ಇದ್ದದ್ದು 140ರಲ್ಲಿ. ಅದಕ್ಕಿಂತ ಕೆಳಗಿನ ಅಂಕಿಯಲ್ಲೇ ಕಣ್ಣಿಗೆ ಹಾನಿ ಶುರುವಾಗುವುದು ಕಂಡಮೇಲೆ ಗೆರೆ ಇಳಿಯಿತು.

ಎಲ್ಲ ಟೆಸ್ಟುಗಳಲ್ಲಿ ಅಗ್ಗದ್ದು, ಎಲ್ಲ ಕಡೆ ಸಿಗುವುದು ಇದೇ. ದೌರ್ಬಲ್ಯ ಎರಡು. ಬೆಳಿಗ್ಗೆ ಸರಿಯಿದ್ದು, ತಿಂದ ಮೇಲೆ ಮಾತ್ರ ಏರುವ ಸಕ್ಕರೆ ಇದಕ್ಕೆ ಕಾಣುವುದಿಲ್ಲ. ಹಲವರಲ್ಲಿ ಕಾಯಿಲೆ ಶುರುವಾಗುವುದೇ ಆ ಬಗೆಯಲ್ಲಿ. ಎರಡನೆಯದು ಟ್ಯೂಬಿನೊಳಗಿನ ಸಮಸ್ಯೆ. ರಕ್ತ ತೆಗೆದ ಮೇಲೂ ಅದರೊಳಗಿನ ಜೀವಕೋಶಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಹಾಗೇ ಇಟ್ಟರೆ ಗಂಟೆಗೆ ಶೇ. 5ರಿಂದ 7ರಷ್ಟು ಇಳಿಯುತ್ತದೆ. 130 ಇದ್ದದ್ದು ಎರಡು ಗಂಟೆ ತಡವಾದರೆ 115ರ ಆಸುಪಾಸಿಗೆ ಬಂದು 'ಪರವಾಗಿಲ್ಲ' ಅನ್ನಿಸಿಬಿಡಬಹುದು. ಇದನ್ನು ತಡೆಯಲೆಂದೇ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಟ್ಯೂಬು ಇರುವುದು. ಅದೂ ಮೊದಲ ಒಂದೆರಡು ಗಂಟೆಯ ಇಳಿಕೆಯನ್ನು ಪೂರ್ತಿ ತಡೆಯದು. ಮನೆಗೇ ಬಂದು ರಕ್ತ ಒಯ್ಯುವ ಅನುಕೂಲ ಬೇಕಿದ್ದರೆ, ಲ್ಯಾಬಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಜ್ವರ, ಸೋಂಕು, ನಿದ್ದೆಗೆಟ್ಟ ರಾತ್ರಿಗಳು ಅಂಕಿಯನ್ನು ಮೇಲಕ್ಕೆ ತಳ್ಳುತ್ತವೆ. ಕಾಯಿಲೆ ಬಿದ್ದು ಎದ್ದವರು ಸ್ವಲ್ಪ ಸುಧಾರಿಸಿಕೊಂಡು ಹೋಗುವುದು ಮೇಲು.

ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ

ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನಿಗೆ ಸಕ್ಕರೆ ತಾನಾಗಿ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಅಂಟುವುದೂ ಹೆಚ್ಚು. ರಕ್ತಕಣ ಬದುಕುವುದು ಸುಮಾರು 120 ದಿನ. ಹಾಗಾಗಿ ಎಷ್ಟು ಶೇಕಡಾ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿದೆ ಎಂದು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಸಿಗುತ್ತದೆ. ಅದರಲ್ಲೂ ಸುಮಾರು ಅರ್ಧ ಪಾಲು ಕಳೆದ ಒಂದು ತಿಂಗಳದ್ದು. ಶೇ. 5.7ಕ್ಕಿಂತ ಕಡಿಮೆ ನಾರ್ಮಲ್, 5.7ರಿಂದ 6.4 ಹೊಸ್ತಿಲು, 6.5ರಿಂದ ಮೇಲೆ ಮಧುಮೇಹ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದನ್ನು ಕಾಯಿಲೆ ಪತ್ತೆಗೆ ಒಪ್ಪಿತು.

ಉಪವಾಸ ಬೇಡ, ದಿನದ ಯಾವ ಹೊತ್ತಿಗಾದರೂ ಆದೀತು. ಟೆಸ್ಟಿನ ಹಿಂದಿನ ಎರಡು ದಿನ ಬಾಯಿ ಕಟ್ಟಿ ಅಂಕಿ ಚಂದ ಮಾಡಿಕೊಳ್ಳುವವರ ಆಟ ಇದರೆದುರು ನಡೆಯುವುದಿಲ್ಲ. ಖಾಲಿ ಹೊಟ್ಟೆಯದಕ್ಕಿಂತ ಖರ್ಚು ಹೆಚ್ಚು, ಆದರೆ ದಿನದಿಂದ ದಿನಕ್ಕೆ ಏರುಪೇರು ಕಡಿಮೆ. ಕೆಲಸ ಬಿಟ್ಟು ಬೆಳಿಗ್ಗೆ ಹೊತ್ತು ಹೋಗಲಾಗದವರಿಗೆ, ರಾತ್ರಿ ಪಾಳಿಯವರಿಗೆ ನಾನು ಇದನ್ನೇ ಹೇಳುವುದು.

ಆದರೆ ಇದು ಅಳೆಯುವುದು ರಕ್ತಕಣದ ಮೂಲಕ. ರಕ್ತಕಣದ ಆಯುಸ್ಸು ಬದಲಾದರೆ ಅಂಕಿಯೂ ಬದಲಾಗುತ್ತದೆ, ಸಕ್ಕರೆ ಹಾಗೇ ಇದ್ದರೂ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ, ಬಿ12 ಕೊರತೆಯಲ್ಲಿ ಹಳೆಯ ಕಣಗಳ ಪಾಲು ಹೆಚ್ಚಿ, ಇಲ್ಲದ ಏರಿಕೆ ಕಾಣಬಹುದು. ಇತ್ತೀಚೆಗೆ ರಕ್ತಸ್ರಾವವಾದವರಲ್ಲಿ, ರಕ್ತ ಏರಿಸಿಕೊಂಡವರಲ್ಲಿ, ಕಣಗಳು ಬೇಗ ಒಡೆಯುವ ಕಾಯಿಲೆ ಇದ್ದವರಲ್ಲಿ, ಮೂತ್ರಪಿಂಡ ಸೋತು ರಕ್ತ ಹೆಚ್ಚಿಸುವ ಇಂಜೆಕ್ಷನ್ ಪಡೆಯುವವರಲ್ಲಿ ಅಂಕಿ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಥಲಸ್ಸೀಮಿಯಾ, ಸಿಕಲ್ ಸೆಲ್‌ನಂಥ ಹಿಮೋಗ್ಲೋಬಿನ್ ವ್ಯತ್ಯಾಸವಿದ್ದರೆ, ಬಸುರಿಯಾಗಿದ್ದರೆ ನೆಚ್ಚುವಂತಿಲ್ಲ. ಹಿಮೋಗ್ಲೋಬಿನ್ ಕಡಿಮೆಯಿದೆ ಎಂದು ಈ ಮೊದಲೇ ಯಾರಾದರೂ ಹೇಳಿದ್ದರೆ ಎಚ್‌ಬಿಎ1ಸಿ ಒಂದನ್ನೇ ನಂಬಿ ಮಾತ್ರೆ ಶುರುಮಾಡಬೇಡಿ, ನೆಮ್ಮದಿಯಾಗಿ ಮನೆಗೂ ಹೋಗಬೇಡಿ.

ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕಾಯಿಸುವ ಟೆಸ್ಟ್

ಖಾಲಿ ಹೊಟ್ಟೆಯ ರಕ್ತ ಕೊಟ್ಟು, ನೀರಿನಲ್ಲಿ ಕರಗಿಸಿದ 75 ಗ್ರಾಂ ಗ್ಲೂಕೋಸನ್ನು ಐದು ನಿಮಿಷದೊಳಗೆ ಕುಡಿದು, ಎರಡು ಗಂಟೆ ಕೂತು, ಮತ್ತೆ ರಕ್ತ ಕೊಡುವುದು. ಎರಡನೆಯ ಅಂಕಿ 140ಕ್ಕಿಂತ ಕಡಿಮೆಯಿದ್ದರೆ ನಾರ್ಮಲ್, 140ರಿಂದ 199 ಹೊಸ್ತಿಲು, 200 ಮತ್ತು ಮೇಲೆ ಮಧುಮೇಹ. ದೇಹದ ಮೇಲೆ ಬೇಕೆಂದೇ ಹೊರೆ ಹೊರಿಸಿ, ಅದು ಹೇಗೆ ನಿಭಾಯಿಸುತ್ತದೆ ಎಂದು ನೋಡುವ ಟೆಸ್ಟ್ ಇದೊಂದೇ. ಉಳಿದವು ಬಿಟ್ಟುಬಿಡುವ ಎಷ್ಟೋ ಜನರನ್ನು ಇದು ಹಿಡಿಯುತ್ತದೆ.

ಬೆಲೆ ಕೊಡಬೇಕಾದ್ದು ಸಮಯದಲ್ಲಿ. ಅರ್ಧ ದಿನ ಹೋಗುತ್ತದೆ, ಕೆಲವರಿಗೆ ಹೊಟ್ಟೆ ತೊಳೆಸುತ್ತದೆ, ವಾಂತಿಯಾದರೆ ಇನ್ನೊಂದು ದಿನ ಮೊದಲಿನಿಂದ. ಹಿಂದಿನ ಮೂರು ದಿನ ಎಂದಿನಂತೆ ಊಟ ಮಾಡಬೇಕು. ಪಿಷ್ಟ ಬಿಟ್ಟು ಡಯಟ್ ಮಾಡುತ್ತ ಹೋದರೆ ಇಲ್ಲದ ಕಾಯಿಲೆ ಇದ್ದಂತೆ ಕಾಣಬಹುದು. ಕಾಯುವಾಗ ಓಡಾಡುವಂತಿಲ್ಲ, ಸಿಗರೇಟು ಸೇದುವಂತಿಲ್ಲ. ಒಂದು ಗಂಟೆಗೇ ನೋಡಿದರೆ ಸಾಕೆಂಬ ವಾದಕ್ಕೆ ಈಗ ಬಲ ಬಂದಿದೆ: ಒಂದು ಗಂಟೆಯ ಅಂಕಿ 155 ಮುಟ್ಟಿದರೆ ಹೊಸ್ತಿಲು, 209 ಮುಟ್ಟಿದರೆ ಮಧುಮೇಹ ಎಂದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2024ರಲ್ಲಿ ನಿಲುವು ತಳೆಯಿತು. ಎಲ್ಲ ಕಡೆ ಇನ್ನೂ ರೂಢಿಗೆ ಬಂದಿಲ್ಲ.

ಊಟದ ನಂತರದ ಟೆಸ್ಟನ್ನು ಇದರ ಅಗ್ಗದ ರೂಪ ಎಂದುಕೊಂಡವರು ಬಹಳ. ಅಲ್ಲ. ತಟ್ಟೆಯಲ್ಲಿ ಎಷ್ಟಿತ್ತು, ಏನಿತ್ತು ಎಂಬುದರ ಮೇಲೆ ಅಂಕಿ ನಿಲ್ಲುವುದರಿಂದ ಅದಕ್ಕೆ ಪತ್ತೆಯ ಗೆರೆಯೇ ಇಲ್ಲ. ಈಗಾಗಲೇ ಔಷಧಿಯಲ್ಲಿರುವವರಿಗೆ ಅದು ಉಪಯುಕ್ತ. ಯಾವ ಹೊತ್ತಿನಲ್ಲೋ ತೆಗೆದ ರಕ್ತದಲ್ಲಿ 200 ದಾಟಿ, ಜೊತೆಗೆ ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಮಾತು ಬೇರೆ. ಅಷ್ಟೇ ಸಾಕು, ಬೇರೆ ಟೆಸ್ಟಿಗೆ ಕಾಯಬೇಕಿಲ್ಲ.

ಬೆರಳು ಚುಚ್ಚುವ ಮೀಟರ್, ಅಂಟಿಸುವ ಸೆನ್ಸರ್, ಮೂತ್ರದ ಪಟ್ಟಿ

ಮೀಟರ್ ಬಗ್ಗೆ ಜನರಿಗೆ ನಂಬಿಕೆ ಹೆಚ್ಚು, ನನಗೆ ಸ್ವಲ್ಪ ಕಡಿಮೆ. ಅಂತರರಾಷ್ಟ್ರೀಯ ಗುಣಮಟ್ಟವೇ 100ರ ಮೇಲಿನ ಅಂಕಿಗಳಲ್ಲಿ ಶೇ. 15ರಷ್ಟು ಆಚೀಚೆಗೆ ಅವಕಾಶ ಕೊಡುತ್ತದೆ. ಅಂದರೆ ನಿಜವಾದ ಸಕ್ಕರೆ 126 ಇದ್ದರೆ ಮೀಟರು 107 ತೋರಿದರೂ ಪಾಸು, 145 ತೋರಿದರೂ ಪಾಸು. ಇಷ್ಟು ಸಡಿಲವಾದ ಅಳತೆಯಿಂದ 126ರ ಗೆರೆ ಎಳೆಯಲಾಗದು. ಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಚುಚ್ಚಿದರೂ ಅಂಕಿ ಏರುತ್ತದೆ, ಹಳೆಯ ಸ್ಟ್ರಿಪ್ಪಿನಲ್ಲೂ ನೆಚ್ಚಿಕೆಯಿಲ್ಲ. ಖರ್ಚಿನ ಲೆಕ್ಕವೂ ಮೋಸದ್ದು: ಯಂತ್ರ ಒಮ್ಮೆ, ಸ್ಟ್ರಿಪ್ಪು ಎಂದೆಂದಿಗೂ. ಹಾಗೆಂದು ಬೇಡವೇ ಬೇಡ ಎನ್ನುವುದಿಲ್ಲ. ಶಿಬಿರದಲ್ಲೋ ಪಕ್ಕದ ಮನೆಯಲ್ಲೋ ಪುಕ್ಕಟೆ ಚುಚ್ಚಿ ನೋಡಿ ಹೆಚ್ಚು ಬಂದರೆ ಲ್ಯಾಬಿಗೆ ಹೋಗಿ. ಕಡಿಮೆ ಬಂದರೆ ಅದನ್ನು ಸರ್ಟಿಫಿಕೇಟು ಎಂದುಕೊಳ್ಳಬೇಡಿ.

ತೋಳಿನ ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದು ವರ. ಕಾಯಿಲೆ ಇದೆಯೋ ಎಂದು ತಿಳಿಯಲು ಹೊರಟವರಿಗೆ ದುಬಾರಿ ಆತಂಕ, ಏಕೆಂದರೆ ಆರೋಗ್ಯವಂತರ ಸಕ್ಕರೆಯೂ ತಿಂದಮೇಲೆ ಏರಿ ಇಳಿಯುತ್ತದೆ, ಸೆನ್ಸರ್ ಬರೆಯುವ ಆ ಏರಿಳಿತದ ಗೀಟಿಗೆ ಪತ್ತೆಯ ಮಾನದಂಡವಿಲ್ಲ. ಮೂತ್ರದ ಪಟ್ಟಿಯಲ್ಲಿ ಸಕ್ಕರೆ ಕಾಣುವುದು ರಕ್ತದಲ್ಲಿ ಸುಮಾರು 180 ದಾಟಿದ ಮೇಲೆ. ಬೇಗ ಹಿಡಿಯುವುದೇ ಗುರಿಯಾದಾಗ ಅದು ತಡವಾಗಿ ಬರುವ ಸುದ್ದಿ.

ಖರ್ಚೇ ಇಲ್ಲದ ಇನ್ನೊಂದು ದಾರಿಯಿದೆ. ವಯಸ್ಸು, ಸೊಂಟದ ಸುತ್ತಳತೆ, ಹೆತ್ತವರಿಗೆ ಒಡಹುಟ್ಟಿದವರಿಗೆ ಶುಗರ್ ಇದೆಯೇ, ಬಿಪಿ ಇದೆಯೇ, ದಿನಕ್ಕೆ ಎಷ್ಟು ಮೈ ಅಲುಗಾಡಿಸುತ್ತೀರಿ ಎಂಬುದನ್ನು ಕೇಳಿ ಅಂಕ ಕೊಡುವ ಪ್ರಶ್ನಾವಳಿ. ಫಿನ್ಲೆಂಡಿನಲ್ಲಿ ರೂಪುಗೊಂಡದ್ದು ಹೆಸರುವಾಸಿ. ಹಲವು ದೇಶಗಳು ತಮ್ಮ ಜನಕ್ಕೆ ಹೊಂದುವಂಥದ್ದನ್ನು ಮಾಡಿಕೊಂಡಿವೆ. ಕಾಯಿಲೆಯನ್ನು ಅದು ಹೇಳದು, ಲ್ಯಾಬಿಗೆ ಹೋಗಬೇಕೇ ಎಂಬುದನ್ನು ಹೇಳುತ್ತದೆ.

ಹಾಗಾದರೆ ಯಾರಿಗೆ ಯಾವುದು

ವಯಸ್ಸು 35 ದಾಟಿದೆ, ತೊಂದರೆ ಏನೂ ಇಲ್ಲ, ಕೈಯಲ್ಲಿ ದುಡ್ಡು ಬಿಗಿ: ಖಾಲಿ ಹೊಟ್ಟೆಯದೊಂದು ಸಾಕು. ನಾರ್ಮಲ್ ಬಂದರೆ ಮೂರು ವರ್ಷಕ್ಕೊಮ್ಮೆ, ಹೊಸ್ತಿಲಲ್ಲಿದ್ದರೆ ವರ್ಷಕ್ಕೊಮ್ಮೆ.

ಮನೆತನದಲ್ಲಿ ಶುಗರ್ ಇದೆ, ಹೊಟ್ಟೆ ಬಂದಿದೆ, ಬಿಪಿ ಮಾತ್ರೆ ನುಂಗುತ್ತೀರಿ ಎಂದಾದರೆ 35ರವರೆಗೆ ಕಾಯಬೇಡಿ. ಏಷ್ಯಾ ಮೂಲದವರಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ಇದ್ದಾಗಲೇ ಅಪಾಯ ಎಣಿಸುತ್ತಾರೆ, ಉಳಿದವರಲ್ಲಿ 25. ಇಂಥವರಿಗೆ ಮೊದಲ ಸಲವಾದರೂ ಖಾಲಿ ಹೊಟ್ಟೆಯದು ಮತ್ತು ಎಚ್‌ಬಿಎ1ಸಿ ಎರಡೂ ಒಂದೇ ರಕ್ತದಲ್ಲಿ ಆಗಲಿ. ಒಂದರ ಕುರುಡು ಜಾಗವನ್ನು ಇನ್ನೊಂದು ನೋಡುತ್ತದೆ, ಎರಡೂ ಗೆರೆ ದಾಟಿದ್ದರೆ ಮತ್ತೊಮ್ಮೆ ಖಚಿತಪಡಿಸಿಕೊಳ್ಳಲು ಓಡಬೇಕಿಲ್ಲ.

ರಕ್ತಹೀನತೆ ಇದ್ದವರಿಗೆ ಖಾಲಿ ಹೊಟ್ಟೆಯದು. ಅನುಮಾನ ಉಳಿದರೆ ಗ್ಲೂಕೋಸ್ ಕುಡಿಸುವುದು. ಬಸುರಿಯರಿಗೆ 24ರಿಂದ 28ನೇ ವಾರದೊಳಗೆ ಗ್ಲೂಕೋಸ್ ಕುಡಿಸುವುದೇ ಸರಿ. ಅವರಿಗೆ ಗೆರೆಗಳೇ ಬೇರೆ. ಖಾಲಿ ಹೊಟ್ಟೆಯ 92 ಕೂಡ ಹೆಚ್ಚೆಂದೇ ಲೆಕ್ಕ. ಬಸುರಿನಲ್ಲಿ ಬಂದ ಶುಗರ್ ಹೆರಿಗೆಯಾದೊಡನೆ ಹೋಯಿತೆಂದು ಮರೆತುಬಿಡುವುದು ತುಂಬ ಸಾಮಾನ್ಯ. ಹೆರಿಗೆಯ 4ರಿಂದ 12 ವಾರದೊಳಗೆ ಇನ್ನೊಮ್ಮೆ ಮಾಡಿಸಬೇಕು, ಆಮೇಲೂ ಒಂದರಿಂದ ಮೂರು ವರ್ಷಕ್ಕೊಮ್ಮೆ, ಜೀವನಪರ್ಯಂತ. ಬಾಣಂತಿಗೆ ಅರ್ಧ ದಿನ ಬಿಡುವು ಮಾಡಿಕೊಡಬೇಕಾದ್ದು ಮನೆಯವರು.

ಸ್ಟಿರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ನುಂಗುವವರ ಸಕ್ಕರೆ ಏರುವುದು ಮಧ್ಯಾಹ್ನದ ಮೇಲೆ. ಬೆಳಗಿನ ಅಂಕಿ ಅಚ್ಚುಕಟ್ಟಾಗಿಯೇ ಇರುತ್ತದೆ. ಅವರು ಮಧ್ಯಾಹ್ನದ ಊಟದ ಬಳಿಕ ನೋಡಿಸಿಕೊಳ್ಳಬೇಕು.

ಮಕ್ಕಳ ವಿಷಯದಲ್ಲಿ ಮೇಲಿನ ಯಾವ ತೂಗಾಟವೂ ಬೇಡ. ಮಗು ಏಕಾಏಕಿ ನೀರು ನೀರೆನ್ನುತ್ತಿದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾದರೆ, ಸೊರಗುತ್ತಿದ್ದರೆ ಅದೇ ದಿನ, ಕೈಗೆ ಸಿಕ್ಕ ಟೆಸ್ಟು. ಇಲ್ಲಿ ಬೆರಳು ಚುಚ್ಚುವ ಮೀಟರೇ ಶ್ರೇಷ್ಠ. ಹೆಚ್ಚು ಬಂದರೆ ನೇರ ಆಸ್ಪತ್ರೆಗೆ. ದೇಹದಲ್ಲಿ ಇನ್ಸುಲಿನ್ನೇ ಇಲ್ಲದಂತಾಗುವ ಟೈಪ್ 1 ಮಧುಮೇಹ ಕೆಲವೇ ದಿನಗಳಲ್ಲಿ ರಕ್ತವನ್ನು ಆಮ್ಲವಾಗಿಸಿ ಜೀವಕ್ಕೆ ಕುತ್ತು ತರಬಲ್ಲದು. ಅಷ್ಟು ಬೇಗ ಎಚ್‌ಬಿಎ1ಸಿ ಏರಿರದೇ ಇರಬಹುದು, 'ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ' ಎನ್ನುವಷ್ಟು ಸಮಯವೂ ಇಲ್ಲ.

ದೊಡ್ಡ ಪ್ಯಾಕೇಜುಗಳಲ್ಲಿ ಇನ್ಸುಲಿನ್ ಮಟ್ಟ, ಸಿ-ಪೆಪ್ಟೈಡ್ (ದೇಹ ತಾನೇ ಎಷ್ಟು ಇನ್ಸುಲಿನ್ ಮಾಡುತ್ತಿದೆ ಎಂಬ ಸುಳಿವು) ಎಂದೆಲ್ಲ ಸೇರಿಸಿ ಮಾರುತ್ತಾರೆ. ಕಾಯಿಲೆ ಪತ್ತೆಗೆ ಅವು ಬೇಡ. ಪತ್ತೆಯಾದ ಮೇಲೆ ಯಾವ ಬಗೆಯದೆಂದು ಅನುಮಾನ ಬಂದರೆ ಸಿ-ಪೆಪ್ಟೈಡ್ ಕೆಲಸಕ್ಕೆ ಬರುತ್ತದೆ, ಆಗ ವೈದ್ಯರೇ ಬರೆಯುತ್ತಾರೆ.

ಎರಡು ರಿಪೋರ್ಟು ಜಗಳವಾಡಿದರೆ

ಖಾಲಿ ಹೊಟ್ಟೆಯದು 118, ಎಚ್‌ಬಿಎ1ಸಿ 6.6. ಒಂದು ಹೊಸ್ತಿಲು ಎನ್ನುತ್ತದೆ, ಒಂದು ಮಧುಮೇಹ ಎನ್ನುತ್ತದೆ. ಇಂಥಲ್ಲಿ ಗೆರೆ ದಾಟಿದ್ದು ಯಾವುದೋ ಅದನ್ನೇ ಮತ್ತೆ ಮಾಡಿಸುವುದು ಕ್ರಮ. ಎರಡನೆಯ ಸಲವೂ ದಾಟಿದರೆ ಮಧುಮೇಹವೆಂದೇ ತೀರ್ಮಾನ. ಲಕ್ಷಣಗಳಿಲ್ಲದವರಿಗೆ ಒಂದೇ ಒಂದು ಅಂಕಿಯ ಮೇಲೆ ಕಾಯಿಲೆಯ ಹಣೆಪಟ್ಟಿ ಹಚ್ಚಬಾರದು. ಎರಡರ ಅಂತರ ತೀರಾ ಹೆಚ್ಚಿದ್ದರೆ ಹಿಮೋಗ್ಲೋಬಿನ್ ನೋಡಿಸಿ, ಟ್ಯೂಬು ಎಷ್ಟು ಹೊತ್ತು ಕಾದಿತ್ತು ಎಂದು ವಿಚಾರಿಸಿ.

ಕಾಯಿಲೆ ಖಚಿತವಾಯಿತು ಎನ್ನೋಣ. ಟೈಪ್ 2 ಆದರೆ ಎಂದಿನಿಂದ ಇದೆಯೋ ಯಾರಿಗೂ ಗೊತ್ತಿಲ್ಲದ್ದರಿಂದ ಅಂಗಗಳ ತಪಾಸಣೆ ಅಂದಿನಿಂದಲೇ. ಪಾದಕ್ಕೆ ಹತ್ತು ಗ್ರಾಂ ಒತ್ತಡದ ನೈಲಾನ್ ಎಳೆ ಮುಟ್ಟಿಸಿ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡಲು ಕೆಲವೇ ನಿಮಿಷ ಸಾಕು; ಬಿಪಿ ನೋಡುವುದಕ್ಕೂ ಹೆಚ್ಚು ಖರ್ಚಿಲ್ಲ. ಖರ್ಚಾಗುವುದು ಕೊಲೆಸ್ಟರಾಲ್, ಕಣ್ಣು, ಮೂತ್ರಪಿಂಡಕ್ಕೆ. ದುಡ್ಡು ಹೊಂದಿಸಿಕೊಳ್ಳಬೇಕಾದರೆ ಎಚ್‌ಬಿಎ1ಸಿಯನ್ನು ತಿಂಗಳು ತಿಂಗಳು ಮಾಡಿಸುವುದನ್ನು ಬಿಡಿ, ಮೂರು ತಿಂಗಳೊಳಗೆ ಅದು ಹೊಸದೇನನ್ನೂ ಅಷ್ಟಾಗಿ ಹೇಳದು. ಪಾಪೆ ಹಿಗ್ಗಿಸಿ ಮಾಡುವ ಕಣ್ಣಿನ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ದೃಷ್ಟಿ ಚೆನ್ನಾಗಿದೆ ಎನ್ನುವುದು ಅಕ್ಷಿಪಟಲ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಮೂತ್ರಪಿಂಡಕ್ಕೆ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ಕಸ) ಜೊತೆ ಮೂತ್ರದ ಅಲ್ಬುಮಿನ್ (ಸೋರಬಾರದ ಪ್ರೋಟೀನು) ಕೂಡ ಬೇಕು, ಏಕೆಂದರೆ ಕ್ರಿಯಾಟಿನಿನ್ ಏರುವ ಎಷ್ಟೋ ಮೊದಲೇ ಅಲ್ಬುಮಿನ್ ಸೋರತೊಡಗಿರಬಹುದು. ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್ನಿಗೆ ಅಲ್ಬುಮಿನ್ 30 ಮಿಲಿಗ್ರಾಂ ಮುಟ್ಟಿದರೆ ಹೆಚ್ಚು. ಜ್ವರ ಬಂದಾಗಲೋ ಜೋರು ವ್ಯಾಯಾಮ ಮಾಡಿದ ಮರುದಿನವೋ ಅದು ತಾತ್ಕಾಲಿಕವಾಗಿ ಏರುವುದುಂಟು. ಹಾಗಾಗಿ ಮೂರರಿಂದ ಆರು ತಿಂಗಳೊಳಗೆ ಕೊಟ್ಟ ಮೂರು ಮಾದರಿಗಳಲ್ಲಿ ಎರಡಾದರೂ ಹೆಚ್ಚಿದ್ದರೆ ಮಾತ್ರ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆಯೆಂದು ಲೆಕ್ಕ.